ಅಜ್ಜಿ ಕಥೆನ ಫೋಟೋ ಮಾಡೋದು ಹೇಗೆ: ಮೈಸೂರು-ಮಂಡ್ಯ ಕಡೆ ಫ್ಯಾಂಟಸಿ ಫ್ಯಾಷನ್ ಶೂಟ್‌ಗೆ ಪೂರ್ತಿ ಗೈಡ್

ಫ್ಯಾಂಟಸಿ ಫ್ಯಾಷನ್ ಶೂಟ್ ಅಂದ್ರೆ ನಮ್ಮ ಕಡೆ ಸುಮಾರು ಜನ ಬಿಳಿ ಗೌನು, ಬೆನ್ನಿಗೆ ರೆಕ್ಕೆ, ತಲೆಗೆ ಪ್ಲಾಸ್ಟಿಕ್ ಹೂವಿನ ರಿಂಗು, ಕೈಯಲ್ಲೊಂದು ಕಲರ್ ಸ್ಮೋಕ್ ಬಾಂಬ್, ಇಷ್ಟೇ ಅನ್ಕೊಂಡಿದ್ದಾರೆ. ಮಾಡಬಾರದು ಅಂತೇನಿಲ್ಲ, ಆದ್ರೆ ಆ ಫೋಟೋನ ಕುಕ್ಕರಹಳ್ಳಿ ಕೆರೆ ದಡದಲ್ಲಿ ತೆಗೆದ್ರೂ ಅಷ್ಟೇ, ಇನ್ಯಾವ್ದೋ ದೇಶದ ಕೆರೆ ದಡದಲ್ಲಿ ತೆಗೆದ್ರೂ ಅಷ್ಟೇ, ನೋಡ್ದೋರು ಒಂದು ಲೈಕ್ ಕೊಟ್ಟು ಮುಂದೆ ಹೋಗ್ತಾರೆ. ಕಾವೇರಿ ಪಕ್ಕದಲ್ಲೇ ಶಾಪ, ಮರಳು, ಮಡು, ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಇಟ್ಟ ರಾಕ್ಷಸ, ಇಷ್ಟೆಲ್ಲಾ ಕಥೆ ಕೇಳ್ಕೊಂಡು ಬೆಳೆದೋರು ನಾವು, ಇನ್ನೊಬ್ಬರ ಕಥೆ ಸಾಲ ತರೋ ಅವಶ್ಯಕತೆ ಏನಿದೆ ಹೇಳಿ.

ಈ ಗೈಡಲ್ಲಿ ಒಂದೇ ಒಂದು ಫೋಟೋನ ಶುರುವಿಂದ ಪ್ರಿಂಟ್ ತನಕ ಹೇಗೆ ಕಟ್ಟೋದು ಅಂತ ಬರೀತೀನಿ. ಇದ್ರಲ್ಲಿ ನಾನು ಯಾವತ್ತೂ ಬಿಟ್ಟುಕೊಡದ ರೂಲ್ ಒಂದಿದೆ, ಅದನ್ನ ಮೊದಲೇ ಹೇಳ್ಬಿಡ್ತೀನಿ: ಇಡೀ ಫ್ರೇಮಲ್ಲಿ ನಂಬಕ್ಕಾಗದ ವಸ್ತು ಒಂದೇ ಇರ್ಬೇಕು, ಉಳಿದಿದ್ದೆಲ್ಲಾ ಮುಟ್ಟಿ ನೋಡೋ ಹಂಗೆ ನಿಜವಾಗಿರ್ಬೇಕು. ರೆಕ್ಕೆನೂ ಬೇಕು, ಹಾರೋ ಮೀನೂ ಬೇಕು, ಎರಡು ಚಂದ್ರನೂ ಬೇಕು ಅಂದ್ರೆ ನೋಡೋರ ಕಣ್ಣು ಯಾವ್ದನ್ನೂ ನಂಬಲ್ಲ.

ಮೊದಲು ದೊಡ್ಡೋರ ಕೆಲಸ ನೋಡಿ

ಇಂಗ್ಲೆಂಡಿನ ಟಿಮ್ ವಾಕರ್ ಹೆಸರು ಕೇಳಿರ್ತೀರ, 1970ರಲ್ಲಿ ಹುಟ್ಟಿದೋರು. ಕಾಲೇಜಿಗೆ ಹೋಗೋ ಮುಂಚೆ ವೋಗ್ ಪತ್ರಿಕೆ ತರೋ ಕಾಂಡೆ ನಾಸ್ಟ್ ಕಂಪನಿಯ ಲೈಬ್ರರಿಲಿ ಸೆಸಿಲ್ ಬೀಟನ್ ಅವರ ಹಳೇ ಫೋಟೋಗಳ ಜೊತೆ ಕೆಲಸ ಮಾಡಿದ್ರು, ಆಮೇಲೆ ನ್ಯೂಯಾರ್ಕಲ್ಲಿ ರಿಚರ್ಡ್ ಅವೆಡಾನ್ ಹತ್ರ ಅಸಿಸ್ಟೆಂಟ್ ಆಗಿದ್ರು, 25ನೇ ವಯಸ್ಸಿಗೆ ವೋಗ್‌ಗೆ ಮೊದಲ ಫ್ಯಾಷನ್ ಸ್ಟೋರಿ ಶೂಟ್ ಮಾಡಿದ್ರು. 2019ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವರ ಕೆಲಸದ್ದೇ ಒಂದು ದೊಡ್ಡ ಎಕ್ಸಿಬಿಷನ್ ಇಟ್ಟಿತ್ತು. ಆಳೆತ್ತರ ಮೀರಿದ ಗೊಂಬೆ ಬೇಕು ಅಂದ್ರೆ ಅವರ ಟೀಮ್ ಗೊಂಬೆನೇ ಕಟ್ಟುತ್ತೆ, ಶೋನಾ ಹೀತ್ ಅನ್ನೋ ಸೆಟ್ ಡಿಸೈನರ್ ಜೊತೆ ವರ್ಷಗಟ್ಲೆ ಹೀಗೇ ಕೆಲಸ ಮಾಡ್ಕೊಂಡು ಬಂದಿದ್ದಾರೆ. 2005ರಲ್ಲಿ ನಮ್ಮ ಗುಜರಾತಿಗೂ ಬಂದು ಲಿಲಿ ಕೋಲ್ ಅನ್ನೋ ಮಾಡೆಲ್‌ನ ಒಂದು ಸುರುಳಿ ಮೆಟ್ಟಿಲ ಮೇಲೆ ಉದ್ದ ಡ್ರೆಸ್ಸಲ್ಲಿ ನಿಲ್ಸಿ ತೆಗೆದ ಫೋಟೋ ಇದೆ, ಹುಡುಕಿ ನೋಡಿ. ನಂಬಕ್ಕಾಗದ್ದು ಆ ಮೆಟ್ಟಿಲು ಮತ್ತು ಬಟ್ಟೆ ಸೇರಿ ಆಗಿರೋ ಆಕಾರ ಒಂದೇ, ಬೆಳಕು ನಮ್ಮ ದೇಶದ ಬೆಳಕೇ.

ಕರ್ಸ್ಟಿ ಮಿಚೆಲ್ ಇನ್ನೊಬ್ಬರು, ಇವರು ಫ್ಯಾಷನ್ ಡಿಸೈನರ್ ಆಗಿದ್ದೋರು, ಟೀಚರ್ ಆಗಿದ್ದ ಅಮ್ಮ 2008ರಲ್ಲಿ ತೀರ್ಕೊಂಡ ಮೇಲೆ ಅವರ ನೆನಪಿಗೆ ಅಂತ 2009ರಲ್ಲಿ ಒಂದು ಸೀರೀಸ್ ಶುರು ಮಾಡಿದ್ರು, ಅದು ಬೆಳ್ಕೊಂಡು ಹೋಗಿ 74 ಫೋಟೋ ಆಯ್ತು. ಡ್ರೆಸ್ಸು, ವಿಗ್ಗು, ಪ್ರಾಪ್ಸು ಬಹಳಷ್ಟು ಕೈಯಲ್ಲೇ ಮಾಡಿದ್ದು, ಮನೆ ಹತ್ರದ ಕಾಡಲ್ಲೇ ಶೂಟ್, ಬೇಕಾದ ಹೂ ಅರಳೋ ಸೀಸನ್ ಬರೋ ತನಕ ಕಾದು ತೆಗೆದಿದ್ದು. ಹಿಂದಕ್ಕೆ ಹೋದ್ರೆ ಎರ್ವಿನ್ ಬ್ಲೂಮೆನ್‌ಫೆಲ್ಡ್ 1939ರಲ್ಲಿ ಲೀಸಾ ಫಾನ್ಸಾಗ್ರೀವ್ಸ್ ಅನ್ನೋ ಮಾಡೆಲ್‌ನ ಐಫೆಲ್ ಟವರ್ ಅಂಚಲ್ಲಿ ನಿಲ್ಸಿ, ಬಟ್ಟೆ ಗಾಳಿಗೆ ಬಿಟ್ಟು ತೆಗೆದ್ರು, ಆಗ ಕಂಪ್ಯೂಟರ್ ಎಲ್ಲಿತ್ತು. ಮೂರು ಜನದ್ದೂ ಸ್ಟೈಲ್ ಬೇರೆ ಬೇರೆ, ಆದ್ರೆ ಮಾಯೆ ಇರೋದು ಕ್ಯಾಮೆರಾ ಮುಂದೆ ಅನ್ನೋದು ಮೂರರಲ್ಲೂ ಕಾಣತ್ತೆ.

ಕಥೆ ಆರಿಸೋದು

ನಾನಿಲ್ಲಿ ತಗೊಳ್ತಿರೋದು ಅಲಮೇಲಮ್ಮನ ಕಥೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ್ರು, ಅಲ್ಲಿ ವಿಜಯನಗರದ ಪರವಾಗಿ ಇದ್ದ ತಿರುಮಲರಾಯರು ತಲಕಾಡಿಗೆ ಹೋದ್ರು, ಅವರ ಹೆಂಡತಿ ಅಲಮೇಲಮ್ಮನ ಹತ್ರ ಇದ್ದ ಒಡವೆಗೋಸ್ಕರ ಸೈನಿಕರು ಬಂದಾಗ ಆಯಮ್ಮ ಮುತ್ತಿನ ಮೂಗುತಿ ಒಂದನ್ನ ಕೊಟ್ಟು ಉಳಿದಿದ್ದನ್ನ ಸೆರಗಲ್ಲಿ ಕಟ್ಕೊಂಡು ಮಾಲಂಗಿ ಹತ್ರ ಕಾವೇರಿ ಮಡುವಿಗೆ ಹಾರಿದ್ರು ಅಂತ ಜನ ಹೇಳ್ತಾರೆ. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ" ಅನ್ನೋ ಶಾಪ ಗೊತ್ತಿಲ್ದೋರು ನಮ್ಮ ಕಡೆ ಯಾರೂ ಇಲ್ಲ. ತಲಕಾಡಿನ ದೇವಸ್ಥಾನಗಳನ್ನ ಮರಳು ಮುಚ್ಚಿದ್ದಂತೂ ಕಣ್ಣೆದುರೇ ಇದೆ.

ಕಥೆ ಪೂರ್ತಿ ಹೇಳಕ್ಕೆ ಹೋಗ್ಬೇಡಿ, ಒಂದು ಫೋಟೋದಲ್ಲಿ ಅದು ಆಗಲ್ಲ. ಒಂದು ಗಳಿಗೆ ಹಿಡೀರಿ. ಎಲ್ಲರಿಗೂ ಮೊದಲು ಹೊಳೆಯೋದು ನದಿಗೆ ಹಾರೋ ದೃಶ್ಯ, ಅದನ್ನ ಬಿಡಿ. ಶಾಪದ ಮಾತು ಬಾಯಿಂದ ಬಂದಾಗಿದೆ, ಊರು ಇನ್ನೂ ಮರಳಾಗಿಲ್ಲ, ಆ ಮಧ್ಯದ ಗಳಿಗೆಲಿ ಆಯಮ್ಮನ ಸೆರಗಿನ ತುದಿ ಮರಳಾಗ್ತಾ ಇದೆ. ಇದೇ ನಮ್ಮ ನಂಬಕ್ಕಾಗದ ಒಂದೇ ವಸ್ತು. ಮೂಗುತಿ ಮುತ್ತನ್ನ ನಿಂಬೆಹಣ್ಣಿನ ಗಾತ್ರ ಮಾಡಿದ್ರೆ ಚೆನ್ನಾಗಿರತ್ತಲ್ವಾ ಅಂತ ಆಸೆ ಆಗತ್ತೆ, ಅದನ್ನ ಇನ್ನೊಂದು ಫೋಟೋಗೆ ಎತ್ತಿಡಿ.

ಇದಾದ್ಮೇಲೆ ಒಂದು ಹಾಳೆಲಿ ಸ್ಕೆಚ್ ಹಾಕಿ, ಡ್ರಾಯಿಂಗ್ ಬರ್ದಿದ್ರೂ ಕಡ್ಡಿ ಮನುಷ್ಯ ಸಾಕು: ಆಳು ಎಲ್ಲಿ, ಸೆರಗು ಯಾವ ಕಡೆ ಹರಿಯತ್ತೆ, ಸೂರ್ಯ ಎಲ್ಲಿ. ಪಕ್ಕದಲ್ಲಿ ಮೂರು ಬಣ್ಣ ಬಳೀರಿ, ಮೂರಕ್ಕಿಂತ ಜಾಸ್ತಿ ಬೇಡ. ನಮ್ಮದಕ್ಕೆ ಮರಳಿನ ಬಣ್ಣ, ಒಣಗಿದ ರಕ್ತದ ಥರ ಕಡುಗೆಂಪು, ಹಳೇ ಚಿನ್ನ. ಬಣ್ಣ ಹೇಗೆ ಕೂರಿಸೋದು ಅಂತ ಕಲೀಬೇಕಂದ್ರೆ ಜಗನ್ಮೋಹನ ಅರಮನೆ ಆರ್ಟ್ ಗ್ಯಾಲರಿಗೆ ಹೋಗಿ ಒಂದು ಮಧ್ಯಾಹ್ನ ಕೂತ್ಕೊಳ್ಳಿ. ರವಿವರ್ಮನ ಚಿತ್ರಗಳಲ್ಲಿ ಸೀರೆ ಮಡಿಕೆ ಮೇಲೆ ಬೆಳಕು ಎಲ್ಲಿ ಬೀಳತ್ತೆ ನೋಡಿ, ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರದಲ್ಲಿ ಕೈಬೆರಳ ಸಂದಿಯಿಂದ ಬೆಳಕು ಹೇಗೆ ಕೆಂಪಗೆ ಬರತ್ತೆ ನೋಡಿ, ಲೈಟಿಂಗ್ ಕ್ಲಾಸಿಗೆ ಕಟ್ಟೋ ದುಡ್ಡು ಉಳಿಯತ್ತೆ.

ಬಟ್ಟೆ, ಎಲ್ಲಕ್ಕಿಂತ ಜಾಸ್ತಿ ಟೈಮ್ ಇದಕ್ಕೇ ಕೊಡಿ

ಮರಳಾಗೋ ಸೆರಗನ್ನ ಫೋಟೋಶಾಪಲ್ಲಿ ಮಾಡ್ಬೋದು, ಆದ್ರೆ ಮಾಡೆಲ್ ಕೈಗೆ ಆ ಭಾರ ಸಿಗಲ್ಲ, ಮುಖದಲ್ಲೂ ಬರಲ್ಲ. ಕೈಯಲ್ಲೇ ಮಾಡಣ.

ಉಡೋದಕ್ಕೆ ಕಡುಗೆಂಪು ಸೀರೆ ಒಂದು, ಅಸಲಿ ಮೈಸೂರು ಸಿಲ್ಕ್ ಖಂಡಿತ ಬೇಡ, ಅಮ್ಮನ ಬೀರುವಿಂದ ಎತ್ತೋದಂತೂ ಬೇಡವೇ ಬೇಡ, ಅದೇ ಥರ ಮೈಮೇಲೆ ಇಳಿಬೀಳೋ ಕ್ರೇಪ್ ಸೀರೆ ಸಾಕು. ಅದರ ಸೆರಗಿಗೆ ಸೇರ್ಸಕ್ಕೆ 10 ಮೀಟರ್ ತೆಳು ಕಾಟನ್ ಬಟ್ಟೆ ತಗೊಳ್ಳಿ, ಮಲ್‌ಮಲ್ ಅಂತ ಕೇಳಿದ್ರೆ ಕೊಡ್ತಾರೆ. ಕಾಟನ್ನೇ ಆಗ್ಬೇಕು, ಯಾಕಂದ್ರೆ ಮುಂದಿನ ಕೆಲಸ ಟೀ ಡಿಕಾಕ್ಷನ್‌ನಲ್ಲಿ ಬಣ್ಣ ಹಾಕೋದು, ಪಾಲಿಯೆಸ್ಟರ್ ಜಾರ್ಜೆಟ್ಟು ಟೀ ಬಣ್ಣ ಹಿಡಿಯಲ್ಲ. ದೊಡ್ಡ ಪಾತ್ರೆಲಿ ಟೀ ಪುಡಿ ಗಟ್ಟಿಯಾಗಿ ಕುದಿಸಿ, ಸೋಸಿ, ಬಟ್ಟೆನ ಮೊದಲು ನೀರಲ್ಲಿ ನೆನೆಸಿ ಆಮೇಲೆ ಅದ್ರಲ್ಲಿ ಮುಳುಗಿಸಿ. ಸೀರೆಗೆ ಸೇರೋ ತುದಿನ ಕೆಂಪು ಬಟ್ಟೆ ಡೈಯಲ್ಲಿ ಅದ್ದಿ ಹಿಡಿದು ಹಿಡಿದು ಮೇಲೆತ್ತಿ, ಕೆಂಪು ಹೋಗ್ತಾ ಹೋಗ್ತಾ ಮರಳು ಬಣ್ಣ ಆಗ್ಬೇಕು.

ಈಗ ಮರಳು. ಕೊನೇ 3 ಮೀಟರಿಗೆ ಮಾತ್ರ ಮರಳು ಹಚ್ಚೋದು. ಫೆವಿಕಾಲ್ ಒಂದು ಭಾಗ, ನೀರು ಒಂದು ಭಾಗ ಕಲಸಿ ಬ್ರಷ್‌ನಲ್ಲಿ ಬಟ್ಟೆಗೆ ಹಚ್ಚಿ, ಒಣ ಮರಳನ್ನ ಸಣ್ಣ ಕಣ್ಣಿನ ಜರಡಿಲಿ ಮೇಲಿಂದ ಜರಡಿ ಆಡಿಸಿ, ಒಂದು ದಿನ ಒಣಗಲಿ, ಒದರಿ, ಇನ್ನೊಂದು ಕೋಟ್ ಕೊಡಿ. ತುದಿಲಿ ದಪ್ಪ, ಮೇಲಕ್ಕೆ ಬರ್ತಾ ತೆಳು. ಮರಳು ನಿಲ್ಲೋ ಜಾಗದಲ್ಲಿ ಗೆರೆ ಎಳೆದ ಹಂಗೆ ಕಂಡ್ರೆ ಇಡೀ ಕೆಲಸ ಹಾಳು, ಅದಕ್ಕೆ ಅಲ್ಲಿ ಬ್ರಷ್ ಬಿಟ್ಟು ಸ್ಪಂಜಲ್ಲಿ ಅಂಟನ್ನ ತಟ್ಟಿ ತಟ್ಟಿ, ಕಾಳು ಕಾಳಾಗಿ ಉದುರಿದ ಹಂಗೆ ಬರ್ಬೇಕು. ಮಡಿಕೆ ಒಳಗೂ ಹಚ್ಚಿ, ಬಟ್ಟೆ ಹೊರಳಿದಾಗ ಒಳಗಡೆ ಬರೀ ಕಾಟನ್ ಕಾಣ್ಬಾರ್ದು. ಅಂಚಿಗೆ ಹೊಲಿಗೆ ಹಾಕ್ಸಬೇಡಿ, ದಾರ ಬಿಚ್ಕೊಂಡು ಚಿಂದಿ ಆಗಿದ್ರೇನೇ ಮರಳಲ್ಲಿ ಕರಗಿದ ಹಂಗೆ ಕಾಣೋದು. ಕಿರಿದಾದ ಟೆರೇಸ್ ಇದ್ರೆ ಈ ಕೆಲಸ ಕಷ್ಟ, ಪಕ್ಕದ ಮನೆಯೋರ ಟೆರೇಸ್ ಕೇಳ್ಕೊಳ್ಳಿ.

ಒಡವೆಗೆ ಮಂಡ್ಯ

ಮಂಡ್ಯ ಸೀಮೆಲಿ ಊರೂರಲ್ಲಿ ಪೌರಾಣಿಕ ನಾಟಕ ಆಡ್ತಾರಲ್ಲ, ಕುರುಕ್ಷೇತ್ರ ಇಲ್ದೆ ಹಬ್ಬ ಮುಗಿಯಲ್ಲ, ಅದಕ್ಕೆ ಡ್ರೆಸ್ಸು ಸೀನರಿ ಬಾಡಿಗೆ ಕೊಡೋ ಅಂಗಡಿಗಳಿವೆ. ಕಿರೀಟ, ಭುಜಕೀರ್ತಿ, ಡಾಬು, ಎದೆ ಹಾರ, ಬಣ್ಣ ಬಳಿದ ಅರಮನೆ ಪರದೆ, ಏನು ಕೇಳಿದ್ರೂ ಸಿಗತ್ತೆ. ಫ್ಯಾಂಟಸಿ ಫೋಟೋಗ್ರಾಫರ್‌ಗೆ ಇದಕ್ಕಿಂತ ದೊಡ್ಡ ಖಜಾನೆ ಬೇರೆ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ನಾಟಕದ ಸೀಸನ್ ಬಿಟ್ಟು ಹೋಗಿ, ಶಿವರಾತ್ರಿಯಿಂದ ಬೇಸಿಗೆ ತನಕ ಅವರಿಗೆ ಪುರುಸೊತ್ತಿರಲ್ಲ. "ಅಣ್ಣ, ರಾಣಿ ಪಾತ್ರಕ್ಕೆ, ಫೋಟೋಗೆ, ಒಂದು ದಿನಕ್ಕೆ" ಅಂತ ಬಿಡಿಸಿ ಹೇಳಿ, ಅವರಿಗೆ ದ್ರೌಪದಿಗೆ ಏನು ಕಟ್ಬೇಕು ಕುಂತಿಗೆ ಏನು ಕಟ್ಬೇಕು ಎಲ್ಲಾ ಗೊತ್ತು, ನಿಮಗಿಂತ ಚೆನ್ನಾಗಿ ಜೋಡಿಸಿ ಕೊಡ್ತಾರೆ.

ಒಂದು ಎಚ್ಚರ. ಆ ಒಡವೆ ಮಾಡಿರೋದು 50 ಅಡಿ ದೂರ ಕೂತು ನೋಡೋರಿಗೆ, ಕ್ಯಾಮೆರಾ ಹತ್ರ ಹೋದ್ರೆ ಗಾಜಿನ ಚೂರು ಹಲ್ಲು ಕಿರಿಯತ್ತೆ. ಬ್ರಷ್‌ನಲ್ಲಿ ಮುಖದ ಪೌಡರ್ ಸ್ವಲ್ಪ ಒಡವೆ ಮೇಲೆ ಆಡಿಸಿ, ಹೊಳಪು ಸತ್ತು ಹಳೇ ಚಿನ್ನದ ಕಳೆ ಬರತ್ತೆ. ಮರಳಿಂದ ಎದ್ದು ಬಂದಂಗಿರೋ ಧೂಳೂ ಅದೇ ಆಗತ್ತೆ, ಎರಡೂ ಕೆಲಸ ಒಂದೇ ಡಬ್ಬಿಲಿ.

ಜನ

ಮಾಡೆಲ್‌ಗೆ ಬಿಳುಪು ಬೇಡ, ಎತ್ತರನೂ ಬೇಡ, ಸಿಟ್ಟನ್ನ ಕಣ್ಣಲ್ಲಿ ಹಿಡ್ಕೊಂಡು ಬಾಯಿ ಮುಚ್ಕೊಂಡು ನಿಲ್ಲಕ್ಕೆ ಬರ್ಬೇಕು. ನಾಟಕ ಮಾಡೋ ಹುಡುಗಿಯರಿಗೆ ಇದು ಬರತ್ತೆ, ಮೈಸೂರಲ್ಲಿ ರಂಗಾಯಣದಿಂದ ಹಿಡಿದು ಕಾಲೇಜು ತಂಡಗಳ ತನಕ ರಂಗಭೂಮಿ ಇಷ್ಟು ಜೀವಂತ ಇರೋವಾಗ ಕೇಳಕ್ಕೆ ಸಂಕೋಚ ಯಾಕೆ. ಕಥೆ ಪೂರ್ತಿ ಹೇಳಿ, ಸ್ಕೆಚ್ ತೋರ್ಸಿ, ಫೋಟೋ ಎಲ್ಲೆಲ್ಲಿ ಹಾಕ್ತೀರ ಅಂತ ಬರೆದು ಸೈನ್ ಮಾಡ್ಸಿ, ದುಡ್ಡು ಎಷ್ಟು ಅಂತ ಮೊದಲೇ ಮಾತಾಡಿ. ಟೀಮಲ್ಲಿ ಇನ್ನೊಬ್ಬ ಹೆಣ್ಮಗಳು ಇರ್ಲೇಬೇಕು, ಬಟ್ಟೆ ಬದಲಾಯಿಸಕ್ಕೆ ಸರಿಯಾದ ಜಾಗ ಇರ್ಲೇಬೇಕು. ಇದಿಲ್ದೆ ಶೂಟ್ ಇಟ್ಕೋಬೇಡಿ. ಮೈಮೇಲೆ ಫೆವಿಕಾಲ್ ಹಚ್ಚೋ ಐಡಿಯಾ ಬಂದ್ರೆ ಅಲ್ಲೇ ಬಿಡಿ, ಬೆರಳ ತುದಿಗೆ ಮರಳು ಅಂಟ್ಬೇಕಂದ್ರೆ ಅಲೋವೆರಾ ಜೆಲ್ ಸಾಕು, ಅದನ್ನೂ ಹಿಂದಿನ ದಿನ ಮುಂಗೈ ಮೇಲೆ ಹಚ್ಚಿ ತುರಿಕೆ ಬರತ್ತಾ ನೋಡಿ. ಇವರ ಜೊತೆ ಸೆರಗು ಹಿಡಿಯಕ್ಕೆ ಇಬ್ಬರು, ಲೈಟ್ ಹಿಡಿಯಕ್ಕೆ ಒಬ್ಬರು.

ಜಾಗ, ಪರ್ಮಿಷನ್

ತಲಕಾಡಿನ ಹಳೇ ದೇವಸ್ಥಾನಗಳು ಪುರಾತತ್ವ ಇಲಾಖೆ ಕೈಲಿರೋವು, ಅಲ್ಲಿ ಟ್ರೈಪಾಡ್, ಲೈಟು, ಮಾಡೆಲ್ ಇಟ್ಕೊಂಡು ಶೂಟ್ ಮಾಡಕ್ಕೆ ಮುಂಚೆನೇ ಪರ್ಮಿಷನ್ ಬೇಕು. ನಮಗೆ ಬೇಕಿರೋದು ಹೊಳೆ ದಡದ ಮರಳು, ಅದಕ್ಕೂ ಅಲ್ಲಿನ ಪಂಚಾಯ್ತಿ, ಪೊಲೀಸ್ ಸ್ಟೇಷನ್ನಲ್ಲಿ ಒಂದು ಮಾತು ಹೇಳಿ ಹೋಗೋದು ಒಳ್ಳೇದು. ಭಾನುವಾರ, ಕಾರ್ತಿಕ ಸೋಮವಾರ ಹತ್ರಕ್ಕೂ ಹೋಗ್ಬೇಡಿ, ಜನಸಾಗರ. ಡಿಸೆಂಬರ್-ಜನವರಿ ವಾರದ ದಿನ, ಬೆಳಗ್ಗೆ ಆರಕ್ಕೆಲ್ಲಾ ಅಲ್ಲಿರಿ, ಹೊಳೆ ಮೇಲೆ ಮಂಜಿರತ್ತೆ, ಗಾಳಿ ಇನ್ನೂ ಎದ್ದಿರಲ್ಲ.

ನೀರಿಗೆ ಇಳಿಸ್ಬೇಡಿ. ಇದನ್ನ ಒತ್ತಿ ಒತ್ತಿ ಹೇಳ್ತೀನಿ. ಕಾವೇರಿ ಮೇಲೆ ಮೊಣಕಾಲುದ್ದ ಕಾಣತ್ತೆ, ಎರಡು ಹೆಜ್ಜೆ ಮುಂದೆ ಮಡು ಇರತ್ತೆ, 10 ಮೀಟರ್ ಬಟ್ಟೆ ನೆಂದ್ರೆ ಈಜು ಬರೋರನ್ನೂ ಎಳ್ಕೊಂಡು ಹೋಗತ್ತೆ. ಪ್ರತಿ ವರ್ಷ ತಲಕಾಡು, ಬಲಮುರಿ ಕಡೆಯಿಂದ ಸಾವಿನ ಸುದ್ದಿ ಕೇಳ್ತಾನೇ ಇದೀವಿ, ಒಂದು ಫೋಟೋಗೋಸ್ಕರ ಅದಕ್ಕೆ ಇನ್ನೊಂದು ಸೇರೋದು ಬೇಡ.

ಬೇರೆ ಕಥೆ ತಗೊಂಡ್ರೆ ಬೇರೆ ಜಾಗ. ಮೇಲುಕೋಟೆಯ ಮುಗಿಯದೇ ನಿಂತಿರೋ ರಾಯಗೋಪುರದ ಕಂಬಗಳು, ತೊಣ್ಣೂರು ಕೆರೆ, ಕುಂತಿಬೆಟ್ಟದ ಬಂಡೆಗಳು. ಚಳಿಗಾಲದಲ್ಲಿ ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಸೂಲಂಗಿ ಬರತ್ತೆ ನೋಡಿ, ಬೆಳ್ಳಿ ಬಣ್ಣದ ಗರಿ ಗರಿ, ಸಂಜೆ ಬಿಸಿಲಿಗೆ ಎದುರಾಗಿ ನಿಂತ್ರೆ ಇಡೀ ಗದ್ದೆ ಉರಿಯೋ ಹಂಗಿರತ್ತೆ. ಆಲೆಮನೆ ಇನ್ನೊಂದು: ಕೊಪ್ಪರಿಗೆಯಿಂದ ಏಳೋ ಹಬೆ, ಒಲೆ ಬಾಯಿಂದ ಬರೋ ಕೆಂಪು ಬೆಳಕು, ಮಾಟಗಾತಿ ಕಥೆಗೆ ಸೆಟ್ ಹಾಕೋ ಅವಶ್ಯಕತೆನೇ ಇಲ್ಲ, ಆದ್ರೆ ಕುದಿಯೋ ಪಾಕದ ಹತ್ರ ಉದ್ದ ಬಟ್ಟೆ ಬೇಡ, ಬಾಗಿಲ ಹತ್ರ ನಿಲ್ಸಿ.

ಬೆಳಕು ಮತ್ತು ಕ್ಯಾಮೆರಾ

ಸೂರ್ಯ ಮಾಡೆಲ್ ಬೆನ್ನ ಹಿಂದೆ ಇರ್ಲಿ. ಮಂಜು, ಹೊಗೆ, ಮರಳಿನ ಧೂಳು, ತೆಳು ಬಟ್ಟೆ ಎಲ್ಲಾ ಹಿಂದಿನಿಂದ ಬೆಳಕು ಬಂದಾಗ್ಲೇ ಮಿಂಚೋದು, ಮುಂದಿಂದ ಹೊಡೆದ್ರೆ ಸುಣ್ಣ ಬಳಿದ ಹಂಗೆ ಚಪ್ಪಟೆ ಆಗತ್ತೆ. ಮುಖಕ್ಕೆ ಒಂದು ಬಿಳಿ ಥರ್ಮೋಕೋಲ್ ಶೀಟ್ ರಿಫ್ಲೆಕ್ಟರ್. ಮಂಜು ಕೈ ಕೊಟ್ರೆ ಸಾಂಬ್ರಾಣಿ, ಇದ್ದಿಲ ಮೇಲೆ ಹಾಕಿ ಗಾಳಿ ಬರೋ ಕಡೆ ಇಡಿ, ಕಲರ್ ಬಾಂಬ್ ಹೊಗೆಗಿಂತ ನೂರು ಪಾಲು ಸಹಜವಾಗಿರತ್ತೆ. ಕೆಂಡನ ಬಟ್ಟೆಯಿಂದ ದೂರ ಇಡಿ, ಹೋಗೋವಾಗ ಪೂರ್ತಿ ಆರಿಸಿ.

ಮಾಯೆಯ ನೀಲಿ ಬೇಕು ಅಂದ್ರೆ ಸೂರ್ಯ ಹುಟ್ಟೋ ಮುಂಚೆ ಇನ್ನೊಂದು ಟ್ರಿಕ್ ಇದೆ: ಫ್ಲ್ಯಾಶ್‌ಗೆ ಫುಲ್ ಸಿಟಿಒ ಅನ್ನೋ ಕಿತ್ತಳೆ ಜೆಲ್, ಅಂದ್ರೆ ಬಣ್ಣದ ಪಾರದರ್ಶಕ ಹಾಳೆ ಹಾಕಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿ ಮಾಡೋ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಡಿ. ಫ್ಲ್ಯಾಶ್ ಬಿದ್ದ ಮುಖ ಸರಿಯಾದ ಬಣ್ಣಕ್ಕೆ ಬರತ್ತೆ, ಸುತ್ತ ಇರೋ ಲೋಕ ಎಲ್ಲಾ ಕಡುನೀಲಿ ಆಗತ್ತೆ. ಫೋಟೋಶಾಪಲ್ಲಿ ಒಂದು ಗಂಟೆ ಹಿಡಿಯೋ ಕೆಲಸ ಅಲ್ಲೇ ಮುಗೀತು.

ತಿಳಿ ಬಣ್ಣದ ಮರಳಿಗೆ ಬೆಳಕು ಅಳೆಯೋ ಕ್ಯಾಮೆರಾ ಮೀಟರ್ ಮೋಸ ಹೋಗತ್ತೆ, ಫೋಟೋ ಕಪ್ಪಾಗಿ ಬರತ್ತೆ, ಎಕ್ಸ್‌ಪೋಷರ್ ಸ್ವಲ್ಪ ಪ್ಲಸ್ ಕಡೆ ತಳ್ಳಿ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪೆಷ್ಟು ಬಿಳುಪೆಷ್ಟು ಅಂತ ತೋರ್ಸೋ ಗ್ರಾಫ್) ನೋಡಿ. ಲೆನ್ಸ್ 35 ಎಂಎಂ ಹಾಕಿ ಮೊಣಕಾಲ ಎತ್ತರದಿಂದ ತೆಗೆದ್ರೆ ಸೆರಗು ಕ್ಯಾಮೆರಾ ಕಡೆಗೇ ಹರಿದು ಬರೋ ಹಂಗೆ ಕಾಣತ್ತೆ, ಆಯಮ್ಮನೂ ಎತ್ತರ ಆಗ್ತಾರೆ. 85 ಎಂಎಂ ಮುಖದ ಸಿಟ್ಟಿಗೆ. ಅಲ್ಲಿ ಲೆನ್ಸ್ ಬದಲಾಯಿಸ್ಬೇಡಿ, ಒಂದು ಮರಳ ಕಾಳು ಸೆನ್ಸರ್ ಮೇಲೆ ಕೂತ್ರೆ ಮುಗೀತು, ಸಾಧ್ಯ ಆದ್ರೆ ಎರಡು ಕ್ಯಾಮೆರಾ ಬಾಡಿ ಇಟ್ಕೊಳ್ಳಿ, ಇಲ್ಲ ಅಂದ್ರೆ ಕಾರೊಳಗೆ ಹೋಗಿ ಬದಲಾಯಿಸಿ.

ಹೆಜ್ಜೆ ಗುರುತಿನ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ. ಫ್ರೇಮ್ ಒಳಗೆ ಯಾರೂ ಓಡಾಡ್ಬಾರ್ದು, ಮಾಡೆಲ್ ಕೂಡ ಹಿಂದಿನಿಂದ ಸುತ್ತಿ ಬಂದು ನಿಲ್ಲಲಿ, ಸೆರಗು ಹಾಸೋರು ಹಿಂದಕ್ಕೆ ನಡೀತಾ ತಮ್ಮ ಗುರುತನ್ನ ಒದ್ದೆ ಟವೆಲ್ ಎಳೆದು ಅಳಿಸ್ಕೊಂಡು ಬರಲಿ. ಸೆರಗಿನ ತುದಿ ಮೇಲೆ ಅಲ್ಲಿನ ಮರಳನ್ನೇ ಬೊಗಸೆಲಿ ಉದುರ್ಸಿ, ಬಟ್ಟೆ ಎಲ್ಲಿ ಮುಗೀತು ನೆಲ ಎಲ್ಲಿ ಶುರುವಾಯ್ತು ಅಂತ ನಿಮಗೇ ಗೊತ್ತಾಗ್ದೇ ಇರೋ ಹಂಗೆ ಆಗೋ ತನಕ.

ಶೂಟ್ ಮಾಡೋವಾಗ ಟ್ರೈಪಾಡ್ ಕದಲಬಾರ್ದು, ಫೋಕಸ್ ಮ್ಯಾನ್ಯುವಲ್, ಎಕ್ಸ್‌ಪೋಷರ್ ಮ್ಯಾನ್ಯುವಲ್. ಮೊದಲು ಯಾರೂ ಇಲ್ಲದ ಖಾಲಿ ಫ್ರೇಮ್ ಒಂದು ತೆಗೀರಿ. ಆಮೇಲೆ ಸೆರಗಿನ ಮಧ್ಯಭಾಗಕ್ಕೆ ಗಾಳದ ದಾರ ಕಟ್ಟಿ ಒಬ್ಬರು ಪಕ್ಕದಿಂದ ಎಳೀಲಿ, ಇನ್ನೊಬ್ಬರು ಬಟ್ಟೆನ ಮೇಲಕ್ಕೆ ಎಸೆದು ಓಡ್ಹೋಗ್ಲಿ, ಶಟರ್ 1/800 ಅಥವಾ ಅದಕ್ಕೂ ವೇಗ, ಬರ್ಸ್ಟ್ ಮೋಡ್. ಒಂದೇ ಏಟಿಗೆ ಬರಲ್ಲ, ಬೇಜಾರಿಲ್ದೆ ಎಸೀತಾ ಇರಿ, ಒಂದರಲ್ಲಿ ಮುಖ ಚೆನ್ನಾಗಿರತ್ತೆ, ಇನ್ನೊಂದರಲ್ಲಿ ಬಟ್ಟೆ, ಟ್ರೈಪಾಡ್ ಕದಲಿಲ್ಲ ಅಂದ್ರೆ ಎರಡನ್ನೂ ಸೇರಿಸ್ಬೋದು.

ಎಡಿಟಿಂಗ್

ಕೆಲಸ ಮುಂಚೆನೇ ಆಗಿರೋದ್ರಿಂದ ಇಲ್ಲಿ ಹೆಚ್ಚು ಇರಲ್ಲ. ಸಹಾಯಕರನ್ನೂ ಗಾಳದ ದಾರನೂ ಖಾಲಿ ಫ್ರೇಮ್ ಕೆಳಗಿಟ್ಟು ಮಾಸ್ಕ್ ಮಾಡಿ, ಅಂದ್ರೆ ಮೇಲಿನ ಫೋಟೋದ ಅಷ್ಟು ಭಾಗ ಮರೆ ಮಾಡಿ, ಅಳಿಸಿ. ಎರಡು ಫ್ರೇಮ್ ಸೇರ್ಸಿದ ಕಡೆ ನೆರಳು ನೋಡಿ, ಬಟ್ಟೆ ಗಾಳಿಲಿದ್ರೆ ನೆಲದ ಮೇಲೆ ಅದರ ನೆರಳು ಇರ್ಲೇಬೇಕು, ಸುಳ್ಳು ಸಿಕ್ಕಿಬೀಳೋದು ಯಾವಾಗ್ಲೂ ಅಲ್ಲೇ. ದೂರದ ಗಿಡಗಳ ಹಸಿರನ್ನ ಸ್ವಲ್ಪ ಹಳದಿ ಕಡೆ ತಿರುಗಿಸಿ ಬಣ್ಣ ಇಳಿಸಿ, ನಮ್ಮ ಮೂರು ಬಣ್ಣದ ಲೆಕ್ಕ ತಪ್ಪಬಾರದು. ಚರ್ಮನ ಮೈದಾ ಹಿಟ್ಟಿನ ಥರ ನುಣುಪು ಮಾಡ್ಬೇಡಿ, ಚರ್ಮದ ರಂಧ್ರ ಕಂಡ್ರೇನೇ ಸೆರಗಿನ ಮರಳೂ ನಿಜ ಅನ್ಸೋದು. ಕೊನೇಲಿ ಇಡೀ ಫೋಟೋಗೆ ಒಂದೇ ಸಮ ಸಣ್ಣ ಗ್ರೇನ್, ಅಂದ್ರೆ ಹಳೇ ಫಿಲ್ಮ್ ಥರ ಕಾಳು ಕಾಳು ಚುಕ್ಕೆ, ಹಾಕಿ, ಬೇರೆ ಬೇರೆ ಫ್ರೇಮ್‌ಗಳು ಒಂದಕ್ಕೊಂದು ಹೊಂದ್ಕೊಳ್ತವೆ.

ಎಐಗೆ ಹೇಳಿದ್ರೆ ಅರ್ಧ ನಿಮಿಷದಲ್ಲಿ ಮರಳಿನ ರಾಣಿ ಬರ್ತಾಳೆ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಬರ್ತಾಳೆ, ಚೆನ್ನಾಗೂ ಇರ್ತಾಳೆ. ಆದ್ರೆ ಚಳಿಲಿ ನಿಂತು ಆ ಭಾರದ ಸೆರಗನ್ನ ಹೆಗಲಿಂದ ಎಳೀವಾಗ ಒಬ್ಬ ಕಲಾವಿದೆಯ ಕುತ್ತಿಗೆ ನರ ಉಬ್ಬತ್ತಲ್ಲ, ನನಗೆ ಬೇಕಿರೋದು ಅದು.

ಪ್ರಿಂಟ್ ಹಾಕ್ಸೋದಾದ್ರೆ ಮ್ಯಾಟ್ ಪೇಪರ್, ಗ್ಲಾಸಿ ಬೇಡ, ಮರಳಿನ ಟೆಕ್ಸ್ಚರ್ ಮೇಲೆ ಹೊಳಪು ಬಂದ್ರೆ ಸತ್ತು ಹೋಗತ್ತೆ, ಸ್ವಲ್ಪ ದೊಡ್ಡದಾಗಿ 16x24 ಇಂಚಿಗೆ ಹಾಕ್ಸಿ. ಫೋಟೋ ಹಾಕೋವಾಗ ಟೈಲರ್, ಡ್ರೆಸ್ ಅಂಗಡಿ, ಸೆರಗು ಎಸೆದೋರು ಎಲ್ಲರ ಹೆಸರೂ ಕೇಳ್ಕೊಂಡು ಹಾಕಿ. ಬಾಡಿಗೆ ಒಡವೆನ ಒಣ ಬ್ರಷ್‌ನಲ್ಲಿ ಒರೆಸಿ, ಸಂದಿಲಿ ಕೂತ ಮರಳು ಪೌಡರ್ ಎಲ್ಲಾ ತೆಗೆದು, ಬಿದ್ದು ಹೋದ ಗಾಜಿದ್ರೆ ಹೇಳಿ ದುಡ್ಡು ಕೊಟ್ಟು ವಾಪಸ್ ಮಾಡಿ, ಮುಂದಿನ ಕಥೆಗೆ ಮತ್ತೆ ಅದೇ ಅಂಗಡಿಗೆ ಹೋಗ್ಬೇಕಲ್ಲ. ಮರಳು ಸೆರಗನ್ನ ಮಡಚಿಡ್ಬೇಡಿ, ಮಡಿಕೆಲಿ ಅಂಟು ಬಿರುಕು ಬಿಡತ್ತೆ, ಪಿವಿಸಿ ಪೈಪ್‌ಗೆ ಸುತ್ತಿಡಿ.